ಗರ್ನಾಲಿಗೆ ಹೆದರುವ ನಾಯಿ, ಹಾಲು ಇಳಿಸದ ಹಸು: ಅನುಬಂಧನವನ್ನು ಮನೆಯಲ್ಲೇ ಬಳಸುವ ಕ್ರಮ

ಅಡಿಕೆ ತೋಟಕ್ಕೆ ಮಂಗ ಇಳಿದಾಗಲೆಲ್ಲ ಗರ್ನಾಲು ಎಂಬ ದೊಡ್ಡ ಸದ್ದಿನ ಪಟಾಕಿ ಹೊಡೆಯುವ ಮಲೆನಾಡಿನ ಮನೆಗಳಲ್ಲಿ ಒಂದು ವಿಚಿತ್ರವನ್ನು ಎಲ್ಲರೂ ಕಂಡಿರುತ್ತಾರೆ. ಕೆಲವು ವಾರ ಕಳೆಯುವಷ್ಟರಲ್ಲಿ ಮಂಗಗಳು ಗರ್ನಾಲಿಗೆ ಕ್ಯಾರೇ ಎನ್ನುವುದಿಲ್ಲ. ಮನೆಯ ನಾಯಿ ಮಾತ್ರ ಯಜಮಾನರು ಬೆಂಕಿಪೊಟ್ಟಣ ಹಿಡಿದು ಅಂಗಳಕ್ಕೆ ಇಳಿದರೆ ಸಾಕು, ಮಂಚದ ಅಡಿ ಸೇರಿ ನಡುಗುತ್ತದೆ. ಸದ್ದು ಒಂದೇ, ಕಲಿತ ಪಾಠ ಎರಡು.

ಮಂಗಕ್ಕೆ ಆ ಸದ್ದು ದೂರದ್ದು. ಮರದಿಂದ ಮರಕ್ಕೆ ಹಾರಿದರೆ ಮುಗಿಯಿತು, ಸದ್ದಿನ ಹಿಂದೆ ಏನೂ ಬರುವುದಿಲ್ಲ. ಹಿಂದೆ ಏನೂ ಬಾರದ ಸದ್ದನ್ನು ಮಿದುಳು ನಿಧಾನವಾಗಿ ಲೆಕ್ಕದಿಂದ ಬಿಡುತ್ತದೆ. ಇದು ಬರೀ ರೂಢಿ. ನಾಯಿಯ ಸ್ಥಿತಿ ಬೇರೆ. ಅದರ ಕಿವಿಯ ಹತ್ತಿರವೇ, ಚೈನಿನಲ್ಲಿ ಕಟ್ಟಿದ್ದಾಗಲೇ ಸಿಡಿಯುವ ಗರ್ನಾಲು ನೋವಿಗೆ ಸಮನಾದ ಆಘಾತ. ಅದಕ್ಕೆ ಒಗ್ಗುವ ಬದಲು ನಾಯಿ ಪ್ರತಿ ಸಲವೂ ಇನ್ನಷ್ಟು ಬೆದರುತ್ತದೆ, ಜೊತೆಗೆ ಅದಕ್ಕಿಂತ ಮುಂಚೆ ಏನೇನು ಕಾಣುತ್ತದೆ, ಕೇಳುತ್ತದೆ ಎಂಬುದನ್ನೆಲ್ಲ ಗುರುತು ಹಾಕಿಕೊಳ್ಳುತ್ತದೆ. ಬಿ.ಎಡ್. ಪುಸ್ತಕಗಳು ಅಭಿಜಾತ ಅನುಬಂಧನ ಅಥವಾ ಶಾಸ್ತ್ರೀಯ ಅನುಬಂಧನ ಎಂದು ಕರೆಯುವುದು, ಮುಂಚಿನ ಗುರುತನ್ನು ಮುಂದೆ ಬರುವ ಆಘಾತದ ಜೊತೆ ಜೋಡಿಸಿಕೊಳ್ಳುವ ಈ ಕಲಿಕೆಯನ್ನು.

ಪುಸ್ತಕದಲ್ಲಿ ಬಿಟ್ಟುಹೋಗುವ ಮಾತು

ರಷ್ಯಾದ ಇವಾನ್ ಪಾವ್ಲೋವ್ ಜೀರ್ಣಕ್ರಿಯೆಯನ್ನು ಅಧ್ಯಯನ ಮಾಡುತ್ತಿದ್ದವರು. 1904ರಲ್ಲಿ ನೊಬೆಲ್ ಬಂದದ್ದೂ ಅದಕ್ಕೇ. ನಾಯಿಯ ಜೊಲ್ಲುಗ್ರಂಥಿಯ ನಾಳವನ್ನು ಶಸ್ತ್ರಚಿಕಿತ್ಸೆಯಿಂದ ಕೆನ್ನೆಯ ಹೊರಗೆ ತಂದು ಹನಿಗಳನ್ನು ಅಳೆಯುತ್ತಿದ್ದಾಗ, ಆಹಾರ ಬಾಯಿಗೆ ಬೀಳುವ ಮೊದಲೇ ಜೊಲ್ಲು ಇಳಿಯತೊಡಗಿ ಅಳತೆ ಕೆಡುತ್ತಿತ್ತು. ಆ ಕೆಟ್ಟ ಅಳತೆಯನ್ನೇ ಅವರು ಮುಂದೆ ದಶಕಗಳ ಕಾಲ ಬೆನ್ನುಹತ್ತಿದರು. ಎಲ್ಲರಿಗೂ ಗೊತ್ತಿರುವುದು ಗಂಟೆ ಬಾರಿಸಿ ನಾಯಿಗೆ ಜೊಲ್ಲು ಬರಿಸಿದ ಕಥೆಯಾದರೂ ಅವರು ಮೆಟ್ರೊನೋಮ್ (ಒಂದೇ ಸಮ ತಾಳ ಬಡಿಯುವ ಯಂತ್ರ), ಬಜರ್, ದೀಪ ಮುಂತಾದವನ್ನೂ ಧಾರಾಳವಾಗಿ ಬಳಸಿದ್ದರು.

ಇಲ್ಲಿ ಎರಡೇ ಪದ ಇಟ್ಟುಕೊಳ್ಳೋಣ. ಕಲಿಸದಿದ್ದರೂ ದೇಹವನ್ನು ಅಲುಗಿಸುವುದು ಅಸಲು: ಆಹಾರ, ನೋವು, ದೊಡ್ಡ ಸದ್ದು, ಹೊಟ್ಟೆ ತೊಳಸುವ ವಿಷ. ಅಸಲಿಗೆ ಮುಂಚೆ ಬಂದು ಅದರ ಸುದ್ದಿ ಹೇಳುವುದು ಸುಳಿವು: ಬೆಂಕಿಪೊಟ್ಟಣ, ಹಾಲಿನ ಪಾತ್ರೆಯ ಸದ್ದು, ಬಿಳಿ ಕೋಟು. ಎರಡನ್ನೂ ಜೊತೆಜೊತೆಗೆ ಹಲವು ಸಲ ಕೊಟ್ಟರೆ ಕಲಿಕೆ ಆಗಿಬಿಡುತ್ತದೆ ಎಂದು ಪರೀಕ್ಷೆಗೆ ಬರೆದು ಅಂಕ ಪಡೆಯಬಹುದು. ಮನೆಯಲ್ಲಿ ಪ್ರಯತ್ನಿಸಿದವರು ಸೋಲುವುದು ಅಲ್ಲೇ.

1968ರಲ್ಲಿ ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ರೆಸ್ಕೋರ್ಲಾ ಇಲಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಸದ್ದಿನ ಹೊತ್ತಿಗೆ ಬರುವ ಶಾಕ್ ಎರಡು ಗುಂಪಿಗೂ ಸಮ. ಎರಡನೇ ಗುಂಪಿಗೆ ಮಾತ್ರ ಸದ್ದಿಲ್ಲದ ಹೊತ್ತಿನಲ್ಲೂ ಅಷ್ಟೇ ಶಾಕ್ ಬರುತ್ತಿತ್ತು. ಆ ಗುಂಪು ಸದ್ದಿಗೆ ಹೆದರಲು ಕಲಿಯಲೇ ಇಲ್ಲ. ಸದ್ದಿದ್ದರೂ ಇಲ್ಲದಿದ್ದರೂ ಶಾಕ್ ತಪ್ಪದು ಎಂದಾದರೆ ಆ ಸದ್ದಿನಿಂದ ತಿಳಿಯುವುದಾದರೂ ಏನು? ಮರುವರ್ಷ ಲಿಯೋನ್ ಕಾಮಿನ್ ಇನ್ನೊಂದನ್ನು ತೋರಿಸಿದರು. ಸದ್ದು ಬಂದರೆ ಶಾಕ್ ಎಂದು ಮೊದಲೇ ಕಲಿತ ಇಲಿಗೆ, ಆಮೇಲೆ ಸದ್ದು ಮತ್ತು ಬೆಳಕು ಎರಡನ್ನೂ ಕೂಡಿಸಿ ಶಾಕ್ ಕೊಟ್ಟರೆ, ಬೆಳಕಿನ ಬಗ್ಗೆ ಅದು ಹೆಚ್ಚೇನೂ ಕಲಿಯುವುದಿಲ್ಲ. ಸುದ್ದಿ ಆಗಲೇ ತಲುಪಿದ್ದರೆ ಎರಡನೇ ದೂತನಿಗೆ ಬೆಲೆ ಇಲ್ಲ.

ಇದರಿಂದ ಮನೆಗೆ ಬೇಕಾದ ನಿಯಮಗಳು ಮೂರು. ಸುಳಿವು ಮೊದಲು, ಅಸಲು ಆಮೇಲೆ. ಸುಳಿವು ಬಂದಾಗಲೆಲ್ಲ ಅಸಲು ಬರಬೇಕು, ಸುಳಿವಿಲ್ಲದೆ ಬರಬಾರದು. ಸುಳಿವಿಗಿಂತ ಮುಂಚೆ ಬೇರೆ ಯಾವುದೂ ಆ ಸುದ್ದಿಯನ್ನು ಬಿಟ್ಟುಕೊಡಬಾರದು. ನಾಯಿಯೂ ಇದೇ ಲೆಕ್ಕ ಹಾಕುತ್ತದೆ. ಒಲೆ ಹಚ್ಚಲು ದಿನವೂ ಬೆಂಕಿಪೊಟ್ಟಣ ಗೀರುವ ಮನೆಯಲ್ಲಿ ಅಡುಗೆಮನೆಯ ಬೆಂಕಿಪೊಟ್ಟಣಕ್ಕೆ ಅದು ಹೆದರುವುದಿಲ್ಲ, ಅಂಗಳದ್ದಕ್ಕೆ ಹೆದರುತ್ತದೆ.

ನಾಯಿಯ ಹೆದರಿಕೆ ಬಿಡಿಸುವ ಕ್ರಮ

ಮೊದಲು ಒಂದು ಎಚ್ಚರಿಕೆ. ವಯಸ್ಸಾದ ನಾಯಿ ಇದ್ದಕ್ಕಿದ್ದಂತೆ ಸದ್ದಿಗೆ ಬೆದರತೊಡಗಿದರೆ ಕೀಲುನೋವು, ಕಿವಿಯ ಸೋಂಕು ಇದೆಯೇ ಎಂದು ಪಶುವೈದ್ಯರಿಗೆ ತೋರಿಸಿ. ನೋವಿರುವ ಪ್ರಾಣಿಯ ಮೇಲೆ ಈ ತರಬೇತಿ ನಿಲ್ಲುವುದಿಲ್ಲ.

ಈ ತರಬೇತಿಯಲ್ಲಿ ಗರ್ನಾಲಿನ ಮೆಲ್ಲನೆಯ ಸದ್ದೇ ಸುಳಿವು, ತಿಂಡಿ ಅಸಲು. ಬೇಕಾದ್ದು ಹೆಚ್ಚೇನಿಲ್ಲ: ಒಂದು ಬ್ಲೂಟೂತ್ ಸ್ಪೀಕರ್, ಗರ್ನಾಲಿನ ಧ್ವನಿಮುದ್ರಣ, ನಾಯಿ ಪ್ರಾಣ ಬಿಡುವಂಥ ತಿಂಡಿ. ಧ್ವನಿಯನ್ನು ಫೋನಿನಲ್ಲೇ ಹಿಡಿಯುವುದಾದರೆ ಐವತ್ತು ಅರವತ್ತು ಮಾರು ದೂರ ನಿಂತು ಹಿಡಿಯಿರಿ. ಹತ್ತಿರದಿಂದ ಹಿಡಿದರೆ ಮೈಕ್ ತಡೆಯದೆ ಸದ್ದು ಒಡೆದುಹೋಗಿ, ಗರ್ನಾಲಿನ ಬದಲು ಕರಕರ ಕೇಳುತ್ತದೆ. ತಿಂಡಿಗೆ ಬೇಯಿಸಿದ ಕೋಳಿ ಅಥವಾ ಮೊಟ್ಟೆ, ಉಪ್ಪು ಮಸಾಲೆ ಇಲ್ಲದೆ. ಈರುಳ್ಳಿ ಬಿದ್ದ ಸಾರಿನ ತುಂಡು ಬೇಡ, ಈರುಳ್ಳಿ ನಾಯಿಗೆ ವಿಷ. ತುಂಡು ಕಡಲೆಕಾಳಿಗಿಂತ ದೊಡ್ಡದಾಗುವುದು ಬೇಡ, ಹೊಟ್ಟೆ ತುಂಬಿದರೆ ಕಲಿಕೆ ನಿಲ್ಲುತ್ತದೆ. ಈ ತಿಂಡಿಯನ್ನು ತರಬೇತಿ ಮುಗಿಯುವವರೆಗೆ ಬೇರೆ ಯಾವ ಹೊತ್ತಿನಲ್ಲೂ ಕೊಡಬೇಡಿ. ಮಧ್ಯಾಹ್ನ ಅಜ್ಜಿ ಜಗುಲಿಯಲ್ಲಿ ಕೂತು ಅದೇ ಕೋಳಿ ಹಾಕುತ್ತಿದ್ದರೆ ನಿಮ್ಮ ಸಂಜೆಯ ಶ್ರಮ ರೆಸ್ಕೋರ್ಲಾ ಅವರ ಎರಡನೇ ಗುಂಪಿನ ಗತಿ ಕಾಣುತ್ತದೆ.

ಶುರುವಿನ ಸದ್ದು ಎಷ್ಟಿರಬೇಕು? ನಾಯಿಯ ಕಿವಿ ಒಮ್ಮೆ ಅಲುಗಬೇಕು, ಅಷ್ಟೇ. ಮಾಡುತ್ತಿದ್ದ ಕೆಲಸ ಬಿಡಬಾರದು. ಬಹಳ ಜನ ತಮಗೆ ಚೆನ್ನಾಗಿ ಕೇಳುವಷ್ಟು ಇಟ್ಟುಕೊಂಡು ಶುರುಮಾಡುತ್ತಾರೆ, ಅದು ಆಗಲೇ ಹೆಚ್ಚು. ಸ್ಪೀಕರನ್ನು ಪಕ್ಕದ ಕೋಣೆಯಲ್ಲಿಟ್ಟು ಬಾಗಿಲು ಅರ್ಧ ಎಳೆದುಕೊಳ್ಳುವುದು ಸುರಕ್ಷಿತ. ಬಾಲ ಒಳಸೇರುವುದು, ಕಾರಣವಿಲ್ಲದೆ ತುಟಿ ನೆಕ್ಕುವುದು, ಆಕಳಿಸುವುದು, ಕಣ್ಣಿನ ಬಿಳಿ ಕಾಣುವುದು, ಬಿಸಿಲಿಲ್ಲದಿದ್ದರೂ ಏದುಸಿರು, ಇವೆಲ್ಲ ಹೆದರಿಕೆಯ ಮೊದಲ ಗುರುತುಗಳು. ತಿಂಡಿ ಮೂಸಿ ಬಿಟ್ಟರೆ ಹೆದರಿಕೆ ಮಿತಿ ದಾಟಿದೆ ಎಂದರ್ಥ. ಅಲ್ಲಿಗೆ ಆ ದಿನದ ಪಾಠ ಮುಗಿಸಿ.

ಈಗ ಮುಖ್ಯವಾದ ಭಾಗ. ನಾಯಿ ಅಂಗಾತವೋ ಮಗ್ಗುಲಾಗಿಯೋ ನಿಶ್ಚಿಂತೆಯಿಂದ ಮಲಗಿರುವಾಗ ಸದ್ದು ಹಾಕಿ. ಒಂದು ಸೆಕೆಂಡು, ಹೆಚ್ಚೆಂದರೆ ಎರಡು ಸೆಕೆಂಡು ಬಿಟ್ಟು ಮೂರು ನಾಲ್ಕು ತುಂಡು ಒಂದರ ಹಿಂದೊಂದು ಕೊಡಿ. ಆಮೇಲೆ ಸುಮ್ಮನಿರಿ. ಮುಂದಿನ ಸದ್ದಿಗೆ ಒಂದು ನಿಮಿಷದಿಂದ ಮೂರು ನಿಮಿಷ, ಪ್ರತಿ ಸಲ ಬೇರೆ ಬೇರೆ ಅಂತರ. ಅಂತರ ಒಂದೇ ಸಮನಿದ್ದರೆ ನಾಯಿ ಹೊತ್ತನ್ನೇ ಸುಳಿವು ಮಾಡಿಕೊಳ್ಳುತ್ತದೆ. ಒಂದು ಸಲಕ್ಕೆ ಆರರಿಂದ ಎಂಟು ಸದ್ದು, ದಿನಕ್ಕೆ ಒಂದು ಅಥವಾ ಎರಡು ಸಲ ಸಾಕು. ಭಾನುವಾರ ಪುರುಸೊತ್ತಿದೆ ಎಂದು ಐವತ್ತು ಸದ್ದು ಹಾಕಿದರೆ ಲಾಭವಿಲ್ಲ. ಬಿಡಿಬಿಡಿಯಾದ ಪಾಠ ಒತ್ತಾದ ಪಾಠಕ್ಕಿಂತ ಚೆನ್ನಾಗಿ ಉಳಿಯುತ್ತದೆ.

ಕೆಡುವುದು ಸಾಮಾನ್ಯವಾಗಿ ಕೈಯಿಂದ. ಸದ್ದು ಹಾಕುವ ಮೊದಲೇ ಕೈ ತಿಂಡಿಯ ಡಬ್ಬಿಗೆ ಹೋಗಿರುತ್ತದೆ, ಪ್ಲಾಸ್ಟಿಕ್ ಕವರು ಸರಸರ ಎಂದಿರುತ್ತದೆ. ಕಾಮಿನ್ ಅವರ ಬೆಳಕಿನಂತೆ ಗರ್ನಾಲಿನ ಸದ್ದು ಆಗ ಎರಡನೇ ದೂತ. ನಾಯಿ ಕಲಿಯುವುದು ಕವರಿನ ಸದ್ದನ್ನು. ಇನ್ನೂ ಕೆಟ್ಟದ್ದೆಂದರೆ, ತಿಂಡಿ ಕೊಟ್ಟ ಮೇಲೆ ಸದ್ದು ಹಾಕುವುದು. ನಾಲ್ಕು ದಿನ ಹಾಗೆ ಮಾಡಿ, ಕೋಳಿ ಕಂಡರೆ ಓಡಿಹೋಗುವ ನಾಯಿಯನ್ನು ತಯಾರು ಮಾಡಬಹುದು. ಆದ್ದರಿಂದ ತಿಂಡಿಯನ್ನು ತೆರೆದ ಬಟ್ಟಲಿನಲ್ಲಿ ಬೆನ್ನ ಹಿಂದೆ ಮೇಜಿನ ಮೇಲೆ ಇಡಿ, ತರಬೇತಿ ಇಲ್ಲದ ಹೊತ್ತಿನಲ್ಲೂ ಖಾಲಿ ಬಟ್ಟಲು ಅಲ್ಲೇ ಇರಲಿ. ಸದ್ದನ್ನು ಇನ್ನೊಬ್ಬರು ಪಕ್ಕದ ಕೋಣೆಯಿಂದ ಹಾಕಿದರೆ ಇನ್ನೂ ಉತ್ತಮ.

ಯಾವಾಗ ಸದ್ದು ಏರಿಸಬೇಕು ಎನ್ನುವುದನ್ನು ನಾಯಿಯೇ ಹೇಳುತ್ತದೆ. ಸದ್ದು ಬಂದ ಕೂಡಲೆ ತಿರುಗಿ ನಿಮ್ಮ ಮುಖ ನೋಡಿ ಬಾಲ ಅಲ್ಲಾಡಿಸಿದರೆ ಸುಳಿವಿನ ಅರ್ಥ ಬದಲಾಗಿದೆ. ಎರಡು ಪಾಠಗಳಲ್ಲಿ ಸತತವಾಗಿ ಹೀಗಾದರೆ ಒಂದೇ ಒಂದು ಮೆಟ್ಟಿಲು ಏರಿಸಿ. ಮರುದಿನ ಶುರು ಮಾಡುವಾಗ ನಿನ್ನೆಯ ಕೊನೆಯ ಮಟ್ಟಕ್ಕಿಂತ ಒಂದು ಮೆಟ್ಟಿಲು ಕೆಳಗಿನಿಂದ ಶುರು ಮಾಡಿ, ಏಕೆಂದರೆ ರಾತ್ರಿ ಕಳೆದರೆ ಹಳೆಯ ಹೆದರಿಕೆ ಸ್ವಲ್ಪ ಮರಳಿರುತ್ತದೆ.

ಮಟ್ಟ ಏರಿದ ಮೇಲೆ ಜಾಗ ಬದಲಿಸಿ: ಜಗುಲಿ, ಅಂಗಳ, ಕೊಟ್ಟಿಗೆಯ ಹಿಂಬದಿ, ತೋಟದ ದಾರಿ. ಪ್ರತಿ ಹೊಸ ಜಾಗದಲ್ಲೂ ಸದ್ದನ್ನು ಎರಡು ಮೆಟ್ಟಿಲು ಇಳಿಸಿ ಶುರು. ಇದು ಬೇಸರದ ಕೆಲಸ, ಅದಕ್ಕೇ ಹೆಚ್ಚಿನವರು ಇದನ್ನು ಹಾರಿಸುತ್ತಾರೆ. ಆಮೇಲೆ ಮನೆಯೊಳಗೆ ಸರಿಯಾಗಿದ್ದ ನಾಯಿ ತೋಟದಲ್ಲಿ ಓಡಿಹೋಯಿತು ಎನ್ನುತ್ತಾರೆ. ಕೊನೆಯ ಹಂತಕ್ಕೆ ನಿಜವಾದ ಗರ್ನಾಲು ಬೇಕೇ ಬೇಕು, ಚಿಕ್ಕ ಸ್ಪೀಕರ್ ಆ ಎದೆ ನಡುಗಿಸುವ ದಪ್ಪ ಸದ್ದನ್ನು ಕೊಡಲಾರದು. ಗುಡ್ಡದ ಆಚೆಯ ತೋಟದವರು ಹೊಡೆಯುವ ಮುನ್ನ ಒಂದು ಫೋನು ಮಾಡುವಂತೆ ಹೇಳಿಟ್ಟುಕೊಂಡರೆ, ಆ ದೂರದ ಸದ್ದೇ ನಿಮ್ಮ ಕೊನೆಯ ಪಾಠ.

ಈ ವಾರಗಳಲ್ಲಿ ಹತ್ತಿರದ ಗರ್ನಾಲನ್ನು ಆದಷ್ಟು ನಿಲ್ಲಿಸಬೇಕು. ತಪ್ಪಿಸಲು ಆಗದಿದ್ದರೆ ನಾಯಿಯನ್ನು ಒಳಕೋಣೆಯಲ್ಲಿಟ್ಟು ರೇಡಿಯೊ ಹಾಕಿ. ಬೆದರಿದಾಗ ಮೈ ಸವರಿ ಸಮಾಧಾನ ಮಾಡಿದರೆ ಹೆದರಿಕೆಗೆ ಬಹುಮಾನ ಕೊಟ್ಟಂತೆ ಎಂಬ ಮಾತಿದೆ, ಅದು ಸುಳ್ಳು. ಹೆದರಿಕೆ ನಾಯಿ ಬೇಕೆಂದು ಮಾಡುವ ಕೆಲಸವಲ್ಲ, ಬಹುಮಾನದಿಂದ ಬೆಳೆಯುವುದಕ್ಕೆ. ತಿಂಡಿಯನ್ನೂ ಕೊಡಿ, ತಿಂದರೆ ಒಳ್ಳೆಯದೇ. ‘ಕಟ್ಟಿಹಾಕಿ ಪಕ್ಕದಲ್ಲೇ ನಾಲ್ಕು ಗರ್ನಾಲು ಹೊಡೀರಿ, ತಾನಾಗೇ ಸರಿಹೋಗ್ತದೆ’ ಎನ್ನುವ ಹಿರಿಯರು ಪ್ರತಿ ಊರಿನಲ್ಲೂ ಇದ್ದಾರೆ. ಅವರ ಮಾತು ಕೇಳಬೇಡಿ. ಮೈಸೂರು ದಸರೆಗೆ ಮುನ್ನ ಆನೆ ಕುದುರೆಗಳಿಗೆ ಕುಶಾಲತೋಪಿನ ಸದ್ದು ಕೇಳಿಸುವ ತಾಲೀಮನ್ನೂ ಒಂದೇ ದಿನ ಮುಗಿಸುವುದಿಲ್ಲ, ಬೇರೆ ಬೇರೆ ದಿನ ಮಾಡುತ್ತಾರೆ. ಆನೆಗೇ ಅಷ್ಟು ಸಾವಧಾನ ಬೇಕಾದರೆ ಹದಿನೈದು ಕಿಲೋ ನಾಯಿಗೆ ಬೇಡವೇ?

ಇದೇ ಕ್ರಮ ಉಣುಗು ಹುಡುಕುವುದಕ್ಕೂ ಸಲ್ಲುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಉಣುಗಿನಿಂದ ಹರಡುವುದರಿಂದ, ಕಾಡಂಚಿನ ಮನೆಗಳಲ್ಲಿ ನಾಯಿಯ ಮೈ ತಡವುವುದು ಬೇಸಿಗೆಯಲ್ಲಿ ದಿನದ ಕೆಲಸ. ಕಿವಿ ಮುಟ್ಟುವುದು ಸುಳಿವು, ತಿಂಡಿ ಅಸಲು. ಮೊದಲ ದಿನಗಳಲ್ಲಿ ಮುಟ್ಟಿ ಬಿಡುವುದಷ್ಟೇ, ಆಮೇಲೆ ಕಿವಿ ಮಡಚಿ ನೋಡುವುದು, ಚಿಮುಟ ತರುವುದು ಕೊನೆಗೆ. ಕೀಳುವವರು ಕೈಗೆ ಗ್ಲೌಸ್ ಹಾಕಿಕೊಳ್ಳಿ.

ತಲೆಯೊಳಗೆ ನಡೆಯುವುದು

ಮೇಲಿನ ಹೆಜ್ಜೆಗಳ ಕಾರಣ ಮಿದುಳಿನಲ್ಲಿದೆ. ಕಿವಿಯ ಎತ್ತರದಲ್ಲಿ, ಮಿದುಳಿನ ಒಳಬದಿಯಲ್ಲಿ ಬಾದಾಮಿ ಆಕಾರದ ಅಮಿಗ್ಡಲ ಎಂಬ ಭಾಗವಿದೆ. ಸದ್ದಿನ ಸಂದೇಶವೂ ನೋವಿನ ಸಂದೇಶವೂ ಅದರ ಹೊರಮಗ್ಗುಲಿನ ಒಂದೇ ನರಕೋಶಗಳ ಮೇಲೆ ಬಂದು ಸೇರುತ್ತವೆ. ಬಲವಾದ ನೋವಿನ ಸಂದೇಶ ಬಂದ ಹೊತ್ತಿನಲ್ಲೇ ಸದ್ದಿನ ಸಂದೇಶವೂ ಇದ್ದರೆ, ಸದ್ದಿನ ಬೆಸುಗೆ ಗಟ್ಟಿಯಾಗುತ್ತದೆ. ಮುಂದೆ ಸದ್ದೊಂದೇ ಬಂದರೂ ಅಮಿಗ್ಡಲದ ನಡುಭಾಗದಿಂದ ಆಜ್ಞೆ ಹೊರಡುತ್ತದೆ: ಎದೆ ಬಡಿತ ಏರಲಿ, ಮೈ ಮರಗಟ್ಟಲಿ. ಅಮೆರಿಕದ ಜೋಸೆಫ್ ಲೆಡೂ ಮತ್ತು ಇತರರು ಇಲಿಗಳಲ್ಲಿ ಈ ದಾರಿಯನ್ನು ಗುರುತಿಸಿದರು.

ಹೆದರಿಕೆ ಬಿಡಿಸಿದಾಗ ಈ ಬೆಸುಗೆ ಪೂರ್ತಿ ಅಳಿಯುವುದಿಲ್ಲ. ಹಣೆಯ ಹಿಂದಿನ ಮುಮ್ಮಿದುಳಿನ ಭಾಗ ಅಮಿಗ್ಡಲವನ್ನು ತಡೆಹಿಡಿಯಲು ಕಲಿಯುತ್ತದೆ. ಹಳೆಯ ಪಾಠ ಕೆಳಗೆ ಹಾಗೆಯೇ ಇರುತ್ತದೆ, ಮೇಲೊಂದು ಹೊಸ ಪಾಠ. ಆ ಹೊಸ ಪಾಠ ಎಲ್ಲಿ ನಡೆಯಿತೋ ಆ ಜಾಗಕ್ಕೆ ಅಂಟಿಕೊಂಡಿರುತ್ತದೆ, ಜಾಗದ ಲೆಕ್ಕ ಇಡುವುದು ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗ. ಮೊದಲ ಹೆದರಿಕೆ ಎಲ್ಲ ಜಾಗಕ್ಕೂ ಸುಲಭವಾಗಿ ಹರಡುತ್ತದೆ, ನಿಶ್ಚಿಂತೆ ಹರಡುವುದಿಲ್ಲ. ಜಗುಲಿ, ಅಂಗಳ, ತೋಟ ಎಂದು ಮತ್ತೆ ಮತ್ತೆ ಕಲಿಸಬೇಕಾದ್ದು ಇದಕ್ಕೆ. ತಿಂಗಳುಗಟ್ಟಲೆ ಬಿಟ್ಟರೆ, ಅಥವಾ ಒಂದು ಗರ್ನಾಲು ತೀರಾ ಪಕ್ಕದಲ್ಲಿ ಸಿಡಿದರೆ ಹಳೆಯದು ಮೇಲೆ ಬರುತ್ತದೆ. ತರಬೇತಿ ವ್ಯರ್ಥವಾಯಿತು ಎಂದು ಕೈಬಿಡಬೇಡಿ, ಎರಡನೇ ಸಲ ಸಾಮಾನ್ಯವಾಗಿ ಬೇಗ ಕಲಿಯುತ್ತದೆ.

ಎಲ್ಲ ಅನುಬಂಧನವೂ ಅಮಿಗ್ಡಲದ್ದಲ್ಲ. ಮೊಲದ ಕಣ್ಣಿಗೆ ಗಾಳಿ ಊದುವ ಮುನ್ನ ಒಂದು ಸ್ವರ ಕೇಳಿಸಿದರೆ, ಕೆಲವು ನೂರು ಪಾಠಗಳಲ್ಲಿ ಅದು ಸ್ವರಕ್ಕೇ ಕಣ್ಣು ಮುಚ್ಚಲು ಕಲಿಯುತ್ತದೆ. ಈ ಪಾಠ ಇರುವುದು ಕಿರುಮಿದುಳಿನಲ್ಲಿ ಎಂದು ರಿಚರ್ಡ್ ಥಾಂಪ್ಸನ್ ತಂಡ 1980ರ ದಶಕದಲ್ಲಿ ತೋರಿಸಿತು. ಅಲ್ಲಿನ ನರಕೋಶಗಳ ಒಂದು ಸಣ್ಣ ಗಂಟು ಕೆಟ್ಟರೆ ಕಲಿತ ರೆಪ್ಪೆಬಡಿತ ಹೋಗುತ್ತದೆ, ಗಾಳಿಗೆ ರೆಪ್ಪೆ ಮುಚ್ಚುವ ಸಹಜ ಕ್ರಿಯೆ ಉಳಿಯುತ್ತದೆ. ಇಲ್ಲಿ ಅಂತರ ಕಾಲು ಸೆಕೆಂಡಿನಿಂದ ಅರ್ಧ ಸೆಕೆಂಡು ಇದ್ದರೆ ಕಲಿಕೆ ಚುರುಕು, ಎರಡು ಮೂರು ಸೆಕೆಂಡು ದಾಟಿದರೆ ಬಹಳ ಕಷ್ಟ. ಇನ್ನು ‘ಸುದ್ದಿ ಹೊಸದಾಗಿರಬೇಕು’ ಎಂಬ ನಿಯಮದ ಗುರುತು, ಡೋಪಮಿನ್ ಎಂಬ ರಾಸಾಯನಿಕ ಬಿಡುವ ನರಕೋಶಗಳಲ್ಲಿ ಸಿಕ್ಕಿತು. ವಿಜ್ಞಾನಿ ವೂಲ್ಫ್ರಮ್ ಶುಲ್ಟ್ಸ್ ಅವರ ಪ್ರಯೋಗದ ಕೋತಿಗಳಲ್ಲಿ, ಎಣಿಸದೆ ಬಂದ ಹಣ್ಣಿನ ರಸಕ್ಕೆ ಈ ನರಕೋಶಗಳು ಮಿಡಿದವು. ಸುಳಿವು ಗೊತ್ತಾದ ಮೇಲೆ ಮಿಡಿತ ಸುಳಿವಿಗೆ ಸರಿಯಿತು, ಸುಳಿವು ಬಂದೂ ರಸ ಬಾರದಿದ್ದಾಗ ಮಿಡಿತ ಕುಸಿಯಿತು.

ಕೊಟ್ಟಿಗೆಯಲ್ಲಿ

ಹಸುವಿನ ವಿಷಯ ನಾಯಿಯಷ್ಟು ಬಿಗಿಯಲ್ಲ. ಕೆಚ್ಚಲು ಮುಟ್ಟಿದಾಗ ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಬಂದು, ಸುಮಾರು ಒಂದು ನಿಮಿಷದಲ್ಲಿ ಹಾಲು ಇಳಿಯುತ್ತದೆ. ಅದರ ಪ್ರಭಾವ ಕೆಲವೇ ನಿಮಿಷ. ಪಾತ್ರೆಯ ಸದ್ದು, ಕರುವಿನ ಕೂಗು, ಹಿಂಡಿ ಕಲಸುವ ವಾಸನೆಗೂ ಹಸು ಹೀಗೆ ಹಾಲು ಇಳಿಸಲು ಕಲಿಯುತ್ತದೆ. ಹೆದರಿದರೆ ಅಡ್ರಿನಲಿನ್ ಬಂದು ಇದನ್ನು ತಡೆಯುತ್ತದೆ.

ಹಾಗಾಗಿ ದಿನವೂ ಕ್ರಮ ಒಂದೇ ಇರಲಿ: ಪಾತ್ರೆ ಇಟ್ಟ ಸದ್ದು, ಬೆಚ್ಚನೆ ನೀರಿನಲ್ಲಿ ಕೆಚ್ಚಲು ತೊಳೆಯುವುದು, ಕರು ಬಿಡುವುದು, ಒಂದು ನಿಮಿಷದೊಳಗೆ ಕರೆಯಲು ಕೂರುವುದು. ಕೂತ ಮೇಲೆ ಫೋನು ಬಂತೆಂದು ಎದ್ದರೆ ಇಳಿದ ಹಾಲು ಸಿಗುವುದಿಲ್ಲ. ಮಲೆನಾಡು ಗಿಡ್ಡದಂಥ ನಾಟಿ ಹಸು ಕರುವಿಲ್ಲದೆ ಹಾಲು ಕೊಡದೆಂದು ಹಲವರು ಒದ್ದಾಡುತ್ತಾರೆ. ಕರುವಿಗೆ ಹಾಲು ಬಿಡಿಸುವುದಕ್ಕೆ ಎರಡು ಮೂರು ವಾರ ಮುಂಚೆಯೇ, ಕರು ಬಿಡುವ ಮೊದಲು ತಂಬಿಗೆ ಬಡಿದು ಹಿಂಡಿ ಇಡುವ ರೂಢಿ ಹಾಕಿ. ಆಮೇಲೆ ಕರುವನ್ನು ಪ್ರತಿ ದಿನ ಸ್ವಲ್ಪ ತಡವಾಗಿ ಬಿಡುತ್ತ ಬನ್ನಿ. ಕರು ಸತ್ತ ಮರುದಿನ ತಂಬಿಗೆ ಬಡಿದು ಪ್ರಯೋಜನವಿಲ್ಲ. ಇಂಜೆಕ್ಷನ್, ಜಂತುಹುಳದ ಔಷಧಿ, ಮೂಗುದಾರದ ಕೆಲಸಗಳನ್ನು ಹಾಲು ಕರೆಯುವ ಜಾಗದಲ್ಲಿ ಮಾಡಿಸಬೇಡಿ. ಹೊರಗೆ ಮರಕ್ಕೆ ಕಟ್ಟಿ ಮಾಡಿಸಿ.

ಮಕ್ಕಳು ಮತ್ತು ಸೂಜಿ

1920ರಲ್ಲಿ ಜಾನ್ ವಾಟ್ಸನ್ ಮತ್ತು ರೋಸಲಿ ರೇನರ್ ಸುಮಾರು 11 ತಿಂಗಳ ಆಲ್ಬರ್ಟ್ ಎಂಬ ಮಗುವಿಗೆ ಬಿಳಿ ಇಲಿ ತೋರಿಸಿ ಹಿಂದಿನಿಂದ ಕಬ್ಬಿಣದ ಸರಳನ್ನು ಬಡಿದರು. ಮಗು ಇಲಿಗೆ ಮಾತ್ರವಲ್ಲ, ಮೊಲಕ್ಕೂ ನಾಯಿಗೂ ಹೆದರತೊಡಗಿತು. ಹೆದರಿಕೆ ಬಿಡಿಸುವ ಕೆಲಸ ಆಗಲೇ ಇಲ್ಲ. ಇಂದು ಯಾವ ನೀತಿ ಸಮಿತಿಯೂ ಇದಕ್ಕೆ ಒಪ್ಪುವುದಿಲ್ಲ. ನಾಲ್ಕು ವರ್ಷದ ಬಳಿಕ ಮೇರಿ ಕವರ್ ಜೋನ್ಸ್ ಪೀಟರ್ ಎಂಬ ಮಗು ಇಷ್ಟದ ತಿಂಡಿ ತಿನ್ನುವಾಗ ಮೊಲದ ಪಂಜರವನ್ನು ದೂರದಿಂದ ಸ್ವಲ್ಪಸ್ವಲ್ಪವೇ ಹತ್ತಿರ ತಂದು ಹೆದರಿಕೆ ಬಿಡಿಸಿದರು. ನಮಗೆ ಉಪಯೋಗಕ್ಕೆ ಬರುವುದು ಈ ಎರಡನೆಯದು.

ಆಸ್ಪತ್ರೆಗೆ ಮಗುವನ್ನು ಸೂಜಿಗೆ ಮಾತ್ರ ಕರೆದೊಯ್ಯಬೇಡಿ. ಅಜ್ಜನ ಬಿಪಿ ಮಾತ್ರೆ ತರಲು ಹೋಗುವಾಗ ಜೊತೆಗೆ ಹೋಗಿ ಸಿಸ್ಟರ್ ಹತ್ತಿರ ಮಾತಾಡಿಸಿಕೊಂಡು ಬರಲಿ. ನೋವಿಲ್ಲದ ಭೇಟಿಗಳು ಮೊದಲೇ ಕೆಲವು ಆಗಿದ್ದರೆ ಒಂದು ಚುಚ್ಚಿಗೆ ಜಾಗವೆಲ್ಲ ಭಯದ ಸುಳಿವಾಗುವುದಿಲ್ಲ. ಚಾಕೊಲೇಟ್ ಅನ್ನು ಚುಚ್ಚುವ ಮೊದಲು ಕೊಡಬೇಡಿ, ಮುಗಿದ ಮೇಲೆ ಕೊಡಿ, ಮತ್ತು ಬೇರೆ ದಿನಗಳಲ್ಲೂ ಕೊಡುತ್ತಿರಿ. ಸೂಜಿಯ ದಿನ ಮಾತ್ರ ಸಿಗುವ ಚಾಕೊಲೇಟ್ ಸೂಜಿಯ ಸುದ್ದಿಯಾಗುತ್ತದೆ. ‘ಚುಚ್ಚೋದಿಲ್ಲ ಕಣೋ’ ಎಂದು ಸುಳ್ಳು ಹೇಳಿದ ಅಮ್ಮನ ಆ ಸಮಾಧಾನದ ದನಿಯೇ ಮುಂದಿನ ಸಲ ಅಳು ತರಿಸುತ್ತದೆ. ಹಾಲು ಕುಡಿಯುವ ಕೂಸಾದರೆ ಚುಚ್ಚುವಾಗ ಎದೆಹಾಲು ಕುಡಿಯುತ್ತಿರಲಿ, ಅದು ನೋವನ್ನೇ ಕಡಿಮೆ ಮಾಡುತ್ತದೆ. ಕೂಸಿಗೆ ನೆನಪಿರುವುದಿಲ್ಲ ಎಂದು ಉದಾಸೀನ ಬೇಡ. 1911ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ಕ್ಲಾಪರೇಡ್ ನೆನಪು ನಿಲ್ಲದ ರೋಗಿಯೊಬ್ಬರ ಕೈ ಕುಲುಕುವಾಗ ಗುಂಡುಸೂಜಿ ಚುಚ್ಚಿದ್ದರು. ಆಮೇಲೆ ಆಕೆಗೆ ಘಟನೆ ನೆನಪಿರಲಿಲ್ಲ, ಕೈ ಮಾತ್ರ ಹಿಂದೆಗೆಯಿತು.

ರುಚಿಯ ಲೆಕ್ಕ ಬೇರೆ

ಮಳೆಗಾಲದ ಮೊದಲ ಅಣಬೆ ಸಾರು ಉಂಡ ರಾತ್ರಿಯೇ ಯಾವುದೋ ಜ್ವರದಿಂದ ವಾಂತಿಯಾದರೆ, ಅಣಬೆಯದೇನೂ ತಪ್ಪಿಲ್ಲದಿದ್ದರೂ ವರ್ಷಗಟ್ಟಲೆ ಅದರ ವಾಸನೆ ಸೇರುವುದಿಲ್ಲ. ಜಾನ್ ಗಾರ್ಸಿಯಾ 1950 ಮತ್ತು 60ರ ದಶಕದಲ್ಲಿ ಇಲಿಗಳಲ್ಲಿ ತೋರಿಸಿದ್ದು ಇದನ್ನೇ. ರುಚಿಗೂ ಹೊಟ್ಟೆ ತೊಳಸುವುದಕ್ಕೂ ನಡುವೆ ಗಂಟೆಗಳ ಅಂತರವಿದ್ದರೂ ಒಂದೇ ಸಲಕ್ಕೆ ಕಲಿಕೆ ಆಗುತ್ತದೆ. ಇಲಿಗಳು ಹೊಟ್ಟೆ ತೊಳಸುವ ಕಾಯಿಲೆಯನ್ನು ಬೆಳಕು ಸದ್ದಿನ ಜೊತೆ ಜೋಡಿಸಲಿಲ್ಲ, ಶಾಕನ್ನು ರುಚಿಯ ಜೊತೆ ಜೋಡಿಸಲಿಲ್ಲ. ಸೆಕೆಂಡಿನ ನಿಯಮ ಇಲ್ಲಿ ಸಲ್ಲದು.

ಹೊಸ ರುಚಿ ಬೇಗ ಸಿಕ್ಕಿಬೀಳುತ್ತದೆ, ದಿನವೂ ಉಣ್ಣುವ ಅನ್ನ ಮಜ್ಜಿಗೆ ಬಚಾವಾಗುತ್ತವೆ. ಕೀಮೋ ಚಿಕಿತ್ಸೆಗೆ ಹೋಗುವವರಿಗೆ ಇದು ತುಂಬ ಮುಖ್ಯ. ಚಿಕಿತ್ಸೆಯ ಮುಂಚಿನ ಹೊತ್ತಿನಲ್ಲಿ ‘ಪಾಪ, ಇಷ್ಟದ್ದು ತಿನ್ನಲಿ’ ಎಂದು ಕಡುಬು ಪತ್ರೊಡೆ ಮಾಡಿ ಕೊಡುವುದು ಪ್ರೀತಿಯೇ, ಆದರೆ ಆ ತಿಂಡಿಯನ್ನು ಶಾಶ್ವತವಾಗಿ ಕಳೆದಂತಾಗಬಹುದು. ಸಾದಾ ಊಟ ಕೊಡಿ. ಊಟಕ್ಕೂ ಚಿಕಿತ್ಸೆಗೂ ನಡುವೆ, ವೈದ್ಯರು ಒಪ್ಪಿದರೆ, ಹಿಂದೆಂದೂ ತಿನ್ನದ ಗಾಢ ರುಚಿಯ ಒಂದು ಪೆಪ್ಪರಮೆಂಟು ಚೀಪಲಿ. ಹೊಟ್ಟೆ ತೊಳಸಿದ ಅಪವಾದದ ದೊಡ್ಡ ಪಾಲು ಅದರ ಮೇಲೆ ಹೋಗುತ್ತದೆ, ಊಟ ಉಳಿಯುತ್ತದೆ. ಒಂದು ಸುತ್ತಿಗೆ ಬಳಸಿದ ಪೆಪ್ಪರಮೆಂಟನ್ನು ರೋಗಿ ಮುಂದಿನ ಸಲ ಬೇಡ ಎಂದರೆ ಒತ್ತಾಯ ಮಾಡದೆ ಬೇರೆ ರುಚಿಯದು ತನ್ನಿ.